‘ಫೈಬರ್’ ಅಂದರೆ ಯಾವ ಫೈಬರ್? ಹಳೆ ಸ್ಪೋರ್ಟ್ಸ್ ಕಾರಿನ ಬಂಪರ್ ಆರಿಸುವ ಬಗ್ಗೆ ಟಿಪ್ಪಣಿ

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಯಾವ ಪೇಂಟಿಂಗ್ ಗ್ಯಾರೇಜಿಗೆ ಹೋದರೂ, ಕಬ್ಬಿಣ ಅಲ್ಲದ ಬಂಪರಿಗೆಲ್ಲ ಒಂದೇ ಹೆಸರು: ಫೈಬರ್. ನಾನು ಕೆಲಸ ಕಲಿತದ್ದೂ ಅದೇ ಮಾತಿನಲ್ಲಿ. ಆದರೆ ಆ ಒಂದು ಹೆಸರಿನ ಕೆಳಗೆ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳಿವೆ. ಮೂರಕ್ಕೂ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಬೇರೆ, ಪುಟ್ಟಿ ಬೇರೆ. ಹಳೆ ಕಾರಿಗೆ ಪೂರ್ತಿ ಪೇಂಟ್ ಮಾಡಲು ಹೊರಟಾಗ ಬಂಪರ್ ಯಾವುದು ಅಂತ ಮೊದಲು ತೀರ್ಮಾನ ಆಗಬೇಕು. ಬಣ್ಣದ ಡಬ್ಬಿ ತೆರೆಯುವುದು ಆಮೇಲೆ.

ಇದು ನನಗೆ ಮನಸ್ಸಿಗೆ ನಾಟಿದ್ದು ಒಂದು ಹಳೆ ಪ್ರೀಮಿಯರ್ ಪದ್ಮಿನಿಯಿಂದ. ಅದಕ್ಕೆ ಯಾರೋ ಬೇರೆ ಕಾರಿನ ಪ್ಲಾಸ್ಟಿಕ್ ಬಂಪರ್ ಕೂರಿಸಿದ್ದರು. ನಾನು ಕಬ್ಬಿಣಕ್ಕೆ ಹಾಕುವ ಪ್ರೈಮರನ್ನೇ ಹಾಕಿ, ಬಣ್ಣ ಹೊಡೆದು, ಮೇಲೆ ಕ್ಲಿಯರ್ (ಹೊಳಪಿನ ಪಾರದರ್ಶಕ ಪದರ) ಕೊಟ್ಟು ಕಳಿಸಿದೆ. ಕನ್ನಡಿ ಹಾಗೆ ಹೊಳೀತಿತ್ತು. ಮೂರು ವಾರಕ್ಕೆ ಗಾಡಿ ವಾಪಸ್ ಬಂತು. ನೀರಿನ ಪ್ರೆಶರ್ ಬಿದ್ದ ಮೂಲೆಯಲ್ಲಿ ಬಣ್ಣ ಎದ್ದಿತ್ತು. ಉಗುರಿನಿಂದ ಎಳೆದರೆ ಈರುಳ್ಳಿ ಸಿಪ್ಪೆ ಹಾಗೆ ಅಂಗೈ ಅಗಲ ಬಿಚ್ಚಿಕೊಂಡು ಬಂತು. ಒಳಗಡೆ ಪ್ಲಾಸ್ಟಿಕ್ ಒಂದು ಗೀರೂ ಇಲ್ಲದೆ ನುಣ್ಣಗಿತ್ತು, ಅಂದರೆ ಪ್ರೈಮರ್ ಅದನ್ನು ಹಿಡಿದೇ ಇರಲಿಲ್ಲ. ಮೇಸ್ತ್ರಿ ಆ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ, “ತಮ್ಮಾ, ಮೊದ್ಲು ಅದು ಏನಂತ ಗೊತ್ತ್ ಮಾಡ್ಕೋ, ಆಮೇಲೆ ಗನ್ ಹಿಡಿ” ಅಂದರು.

ಗೊತ್ತು ಮಾಡಿಕೊಳ್ಳುವುದು ಹೇಗೆ? ಬಂಪರಿನ ಹಿಂಭಾಗ ಒರೆಸಿ ನೋಡಿ. ಈಚಿನ ಪ್ಲಾಸ್ಟಿಕ್‌ಗಳಲ್ಲಿ ಪಿಪಿ, ಎಬಿಎಸ್, ಪಿಯುಆರ್ ಅಂತ ಅಚ್ಚು ಹಾಕಿರುತ್ತಾರೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಪಿಯುಆರ್ ಅಂದರೆ ಪಾಲಿಯುರೆಥೇನ್, ಎಬಿಎಸ್ ಇನ್ನೊಂದು ಗಟ್ಟಿ ಪ್ಲಾಸ್ಟಿಕ್. ಅಚ್ಚು ಇಲ್ಲದಿದ್ದರೆ ಕಾಣದ ಜಾಗದಿಂದ ಒಂದು ಸಣ್ಣ ಚೂರು ಕೆತ್ತಿ ಬಕೆಟ್ ನೀರಿಗೆ ಹಾಕಿ. ತೇಲಿದರೆ ಅದು ಪಿಪಿ ಜಾತಿಯದು. ಅದರ ಸಾಂದ್ರತೆ ಸುಮಾರು 0.9, ನೀರಿಗಿಂತ ಹಗುರ. ಮುಳುಗಿದರೆ ಮಾತ್ರ ಅವಸರದಲ್ಲಿ ತೀರ್ಮಾನ ಬೇಡ. ಟಾಲ್ಕ್ ಪುಡಿ ಹೆಚ್ಚು ಬೆರೆಸಿದ ಪಿಪಿಯೂ ಮುಳುಗಬಹುದು. ಹಿಂಭಾಗದಲ್ಲಿ ಗಾಜಿನ ನಾರು ಒರಟಾಗಿ ಕಂಡರೆ ಅದೇ ನಿಜವಾದ ಫೈಬರ್, ಅಂದರೆ ಫೈಬರ್ ಗ್ಲಾಸ್. ಬೆಂಕಿ ಹಚ್ಚಿ ವಾಸನೆ ನೋಡುವ ರೂಢಿ ಕೆಲವರಿಗಿದೆ. ಅದು ಬೇಡವೇ ಬೇಡ, ಆ ಹೊಗೆ ವಿಷ.

ಈಗ ಸ್ಪೋರ್ಟ್ಸ್ ಕಾರಿಗೆ ಬರೋಣ. ಕಲಿಯುವವರಿಗೆ ಎಂಜಿಬಿಗಿಂತ ಒಳ್ಳೆಯ ಪಾಠ ಇಲ್ಲ ಅಂತ ನನಗನ್ನಿಸುತ್ತದೆ. ಇದು 1962ರಿಂದ 1980ರವರೆಗೆ ಬಂದ ಬ್ರಿಟಿಷ್ ಕಾರು. 1974ರವರೆಗೆ ಕ್ರೋಮ್ ಬಂಪರ್. ಆಮೇಲೆ ಅಮೆರಿಕದ ಡಿಕ್ಕಿ ನಿಯಮಗಳಿಗೆ ಹೊಂದಿಸಲು ದಪ್ಪನೆಯ ಕಪ್ಪು ಬಂಪರ್ ಬಂತು, ಕಾರಿನ ಎತ್ತರವನ್ನೂ ಹೆಚ್ಚಿಸಿದರು. ಎಲ್ಲರೂ ಅದನ್ನು ‘ರಬ್ಬರ್ ಬಂಪರ್’ ಅನ್ನುತ್ತಾರೆ. ಅಸಲಿಗೆ ಅದು ಒಳಗೆ ಸ್ಟೀಲ್ ಚೌಕಟ್ಟು ಇರುವ ಪಾಲಿಯುರೆಥೇನ್. ಒಂದೇ ಮಾಡೆಲಿನ ಕಾರು, ಆದರೆ ಬಂಪರ್ ಬೇರೆ ಆದ ಕೂಡಲೇ ಪೇಂಟರ್ ಕೆಲಸವೂ ಬೇರೆ ಆಗುತ್ತದೆ.

ಕ್ರೋಮ್ ಬಂಪರ್ ಇದ್ದ ಕಾರಿಗೆ ನನ್ನ ಆಯ್ಕೆ ಎರಡೇ: ಹಳೆಯದಕ್ಕೇ ಮತ್ತೆ ಕ್ರೋಮ್ ಮಾಡಿಸುವುದು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್. ಒಳ್ಳೆಯ ಕ್ರೋಮ್ ಕೆಲಸದಲ್ಲಿ ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಕ್ರೋಮ್ ಪದರ ಒಂದು ಮೈಕ್ರಾನಿಗಿಂತ ತೆಳು. ತುಕ್ಕನ್ನು ನಿಜವಾಗಿ ತಡೆಯುವುದು ಕೆಳಗಿರುವ ನಿಕ್ಕಲ್. ಹಾಗಾಗಿ ‘ಎಷ್ಟು ಹೊಳಪು’ ಅಂತ ಕೇಳಬೇಡಿ, ‘ನಿಕ್ಕಲ್ ಎಷ್ಟು ದಪ್ಪ’ ಅಂತ ಕೇಳಿ. ಸ್ಟೇನ್‌ಲೆಸ್‌ನಲ್ಲಿ ಸಿಪ್ಪೆ ಏಳುವ ಭಯ ಇಲ್ಲ. ಆದರೆ ಪಕ್ಕದಲ್ಲಿಟ್ಟು ನೋಡಿದರೆ ಕ್ರೋಮ್ ನೀಲಿ ಛಾಯೆ, ಸ್ಟೇನ್‌ಲೆಸ್ ಸ್ವಲ್ಪ ಹಳದಿ ಛಾಯೆ. ಮುಂದೆ ಒಂದು, ಹಿಂದೆ ಒಂದು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು ನೋಡಿ: 304 ಗ್ರೇಡ್ ಸ್ಟೇನ್‌ಲೆಸ್ ಅದನ್ನು ಹಿಡಿಯುವುದಿಲ್ಲ, ಬಗ್ಗಿಸಿದ ಮೂಲೆಯಲ್ಲಿ ಮಾತ್ರ ಸ್ವಲ್ಪ ಎಳೆಯಬಹುದು. ಕ್ರೋಮ್ ಮಾಡಿದ ಮಾಮೂಲಿ ಸ್ಟೀಲ್ ಆದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಫೈಬರ್ ಗ್ಲಾಸ್ ಹಗುರ, ಬಾಡಿ ಬಣ್ಣದಲ್ಲೇ ಚೆಂದ ಕಾಣುತ್ತದೆ, ಮುರಿದರೂ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಮತ್ತು ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿ ಇಲ್ಲೇ ಸರಿ ಮಾಡಬಹುದು. ಆದರೆ ಡಿಕ್ಕಿ ತಡೆಯುವ ಶಕ್ತಿ ಅದಕ್ಕೆ ಕಡಿಮೆ; ಅದನ್ನು ಹಿಡಿದು ಕಾರು ತಳ್ಳಲೂ ಬಾರದು. ಹೊಸ ಪೀಸ್ ಬಂದಾಗ ಮೈಮೇಲೆ ಅಚ್ಚಿನ ಮೇಣ ಇರುತ್ತದೆ. ಮೊದಲು ಸೋಪಿನ ನೀರಿನಲ್ಲಿ ತೊಳೆಯಿರಿ, ಆಮೇಲೆ ಮೇಣ ತೆಗೆಯುವ ದ್ರಾವಣದಲ್ಲಿ ಒರೆಸಿ. ತೊಳೆಯದೆ ಎಮರಿ ಪೇಪರ್ ಹಾಕಿದರೆ ಮೇಣ ಗೀರುಗಳ ಒಳಗೆ ಇಳಿದು ಕೂರುತ್ತದೆ. ಮೇಲಿನ ನುಣುಪು ರೆಸಿನ್ ಪದರವಾದ ಜೆಲ್‌ಕೋಟಿನಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಬರಿಗಣ್ಣಿಗೆ ಕಾಣದವು ಮೊದಲ ಪ್ರೈಮರ್ ಬಿದ್ದ ಕೂಡಲೇ ಕಾಣುತ್ತವೆ. ಅವನ್ನು ಅಲ್ಲೇ ಪುಟ್ಟಿಯಿಂದ ತುಂಬಿ. ಮೇಲೆ ಮೇಲೆ ಬಣ್ಣ ಹೊಡೆದರೆ ಮುಚ್ಚುವುದಿಲ್ಲ.

ಇನ್ನೊಂದು ಮಾತು: ಫೈಬರ್ ಬಂಪರನ್ನು ಬಣ್ಣಕ್ಕೆ ಮುಂಚೆ ಕಾರಿಗೆ ಕೂರಿಸಿ ನೋಡಲೇಬೇಕು. ಬೋಲ್ಟ್ ತೂತು ಒಂದೆರಡು ಮಿಲಿಮೀಟರ್ ಆಚೀಚೆ ಇರುವುದು ಮಾಮೂಲು. ಬಣ್ಣ ಆದ ಮೇಲೆ ಎಳೆದು ಬಿಗಿದರೆ ಬೋಲ್ಟಿನ ಸುತ್ತ ಜೇಡರ ಬಲೆಯ ಹಾಗೆ ಬಿರುಕು ಬರುತ್ತದೆ. ಅಗಲವಾದ ವಾಷರ್, ಅದರ ಕೆಳಗೆ ರಬ್ಬರ್ ಹಾಕಿ.

ಪಾಲಿಯುರೆಥೇನ್ ಬಂಪರಿನ ದೊಡ್ಡ ಶತ್ರು ಹಳೆ ಪಾಲಿಶ್. ವರ್ಷಗಟ್ಟಲೆ ಸಿಲಿಕೋನ್ ಪಾಲಿಶ್ ಉಜ್ಜಿದ್ದರೆ ಬಣ್ಣ ಬಿದ್ದ ಕೂಡಲೇ ದುಂಡಗೆ ಕಣ್ಣುಕಣ್ಣಾಗಿ ಸರಿಯುತ್ತದೆ. ಗ್ಯಾರೇಜಿನಲ್ಲಿ ಫಿಶ್ ಐ ಅನ್ನುವುದು ಇದನ್ನೇ. ಕಾರ್ಖಾನೆಯಿಂದ ಕಪ್ಪಾಗೇ ಬಂದದ್ದನ್ನು ಕಪ್ಪಾಗೇ ಬಿಡುವುದು ನನಗಿಷ್ಟ. ಬಾಡಿ ಬಣ್ಣ ಬೇಕೇ ಬೇಕು ಅಂದರೆ ಕ್ಲಿಯರ್‌ಗೆ ಫ್ಲೆಕ್ಸ್ ಅಡಿಟಿವ್ ಬೆರೆಸಿ, ಬಂಪರ್ ಬಾಗಿದಾಗ ಬಣ್ಣವೂ ಬಾಗಲಿ. ಗಟ್ಟಿ ಫೈಬರ್ ಗ್ಲಾಸಿಗೆ ಇದು ಬೇಕಿಲ್ಲ. ಪಿಪಿಗಾದರೆ ಮೊದಲು ಅಢೀಶನ್ ಪ್ರೊಮೋಟರ್ (ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವಂತೆ ಮಾಡುವ ದ್ರಾವಣ), ಅದೂ ತೆಳುವಾಗಿ. ಪದ್ಮಿನಿಯಲ್ಲಿ ನಾನು ಬಿಟ್ಟದ್ದು ಇದನ್ನೇ.

ನಮ್ಮೂರಿನ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದೂವರೆ ಮೀಟರ್ ಉದ್ದದ ಬಂಪರ್ ಬೆಳಿಗ್ಗೆ 25 ಡಿಗ್ರಿ ಇದ್ದು, ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತು 55 ಡಿಗ್ರಿ ಆಯಿತು ಅಂದುಕೊಳ್ಳಿ. ಸ್ಟೀಲ್ ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್. ಸಾದಾ ಪಾಲಿಪ್ರೊಪಿಲೀನ್ ಹಿಗ್ಗುವುದು ನಾಲ್ಕರಿಂದ ಐದು ಮಿಲಿಮೀಟರ್! ಅದಕ್ಕೇ ಪ್ಲಾಸ್ಟಿಕ್ ಬಂಪರಿನ ತೂತು ಉದ್ದುದ್ದ ಇರುತ್ತದೆ. ಗುಂಡಗೆ ಕೊರೆದು ಬಿಗಿದರೆ ನಡುವೆ ಉಬ್ಬುತ್ತದೆ.

ಮೊನ್ನೆ ಚಿತ್ರದುರ್ಗದ ಮಾಲೀಕರೊಬ್ಬರು 1972ರ ಎಂಜಿಬಿ ತಂದಾಗ ಇಷ್ಟೂ ವಿಷಯ ಕೂತು ಮಾತಾಡಿದೆವು. ಅವರಿಗೆ ಕೆಂಪು ಫೈಬರ್ ಬಂಪರ್ ಮೇಲೆ ಮನಸ್ಸಿತ್ತು. ಜೊತೆಗೆ ವಿಂಟೇಜ್ ನೋಂದಣಿಯೂ ಬೇಕಿತ್ತು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡು ಮಾಡಿರಬಾರದು. ಅವರು ನೋಡಿಟ್ಟಿದ್ದ ಫೈಬರ್ ಬಂಪರ್ ಕೂರಬೇಕಾದರೆ ಮುಂದಿನ ತಗಡು ಕೊಯ್ಯಬೇಕಿತ್ತು. “ಸಾರ್, ಹಳೆ ಬೋಲ್ಟ್ ತೂತಿಗೇ ಕೂರೋದು ತರಿಸೋಣ” ಅಂದೆ. ಒಪ್ಪಿಕೊಂಡು ಸ್ಟೇನ್‌ಲೆಸ್ ಜೋಡಿ ತರಿಸಿದರು. ಬಣ್ಣಕ್ಕೆ ಮುಂಚೆ ಒಂದು ಸಲ ಕೂರಿಸಿ, ಅಂತರ ಅಳೆದು, ಬಿಚ್ಚಿ ಬಟ್ಟೆ ಸುತ್ತಿ ಇಟ್ಟಿದ್ದೇವೆ. ಬಾಡಿಗೆ ಪ್ರೈಮರ್ ನಾಳೆ.