ಡಬ್ಬಿ ಮಾರುವ ಮುಂಚೆ: ಜಿಪಿಎಲ್ ಬಗ್ಗೆ ಓದಿಕೊಂಡಿದ್ದು

ಮಂಡ್ಯ ಕಡೆ ರಾತ್ರಿ ಹೊತ್ತು ತ್ರೀಫೇಸ್ ಕರೆಂಟ್ ಬಂದರೆ ಯಾರಾದರೂ ಎದ್ದು ಗದ್ದೆಗೆ ಹೋಗಿ ಮೋಟಾರ್ ಹಾಕಬೇಕು. ಫೋನಿನಿಂದಲೇ ಹಾಕುವ ಡಬ್ಬಿ ಒಂದನ್ನು ನಾವು ಮಾಡಿದ್ದೇವೆ ಅಂದುಕೊಳ್ಳಿ. ಒಳಗೆ ಡಬ್ಬಿಯನ್ನು ಬೂಟ್ ಮಾಡುವ ಯು-ಬೂಟ್, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್, ಸಣ್ಣಪುಟ್ಟ ಕಮಾಂಡ್‌ಗಳ ಕಟ್ಟಾದ ಬಿಝಿಬಾಕ್ಸ್, ಮೇಲೆ ನಮ್ಮ ಆಪ್. ಆಪ್ ಬಿಟ್ಟರೆ ಉಳಿದ ಮೂರೂ ಜಿಪಿಎಲ್ 2ರ ಅಡಿ ಬರುತ್ತವೆ, ಸಾಫ್ಟ್‌ವೇರ್ ಹಂಚುವವರು ಅದರ ಸೋರ್ಸನ್ನೂ (ಪ್ರೋಗ್ರಾಂ ಬರೆದ ಮೂಲ ಕೋಡ್) ಕೊಡಬೇಕು ಅನ್ನುವ 1991ರ ಲೈಸೆನ್ಸ್ ಅದು. ಲ್ಯಾಬಿನಲ್ಲಿ ಇಟ್ಟುಕೊಂಡು ಪ್ರಯೋಗ ಮಾಡುವ ತನಕ ಏನೂ ಇಲ್ಲ. ರೈತರ ಕೈಗೆ ಡಬ್ಬಿ ಕೊಟ್ಟಿರೋ, ಸೋರ್ಸ್ ಕೊಡುವ ಜವಾಬ್ದಾರಿ ಶುರು.

ಮಾರುವವರಿಗೆ ದಾರಿ ಎರಡು. ಡಬ್ಬಿಯ ಜೊತೆಗೇ ಸೋರ್ಸ್ ಕೊಡಿ. ಇಲ್ಲವೇ, ಕೇಳಿದವರಿಗೆ ಕೊಡುತ್ತೇವೆ ಎಂದು ಬರೆದು ಕೊಡಿ. ಆ ಮಾತು ಕಡಿಮೆ ಎಂದರೂ 3 ವರ್ಷ ನಡೆಯಬೇಕು, ಕಳಿಸುವ ಖರ್ಚಿಗಿಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ. ಕೇಳುವವರು ನಮ್ಮ ಗಿರಾಕಿಯೇ ಆಗಿರಬೇಕು ಅಂತಲೂ ಇಲ್ಲ.

ಇಲ್ಲಿ ಎಲ್ಲರೂ ಎಡವುವುದು ‘ಸೋರ್ಸ್’ ಎನ್ನುವ ಪದದಲ್ಲೇ. ಕರ್ನಲ್ ವೆಬ್‌ಸೈಟಿನ ಲಿಂಕ್ ಕೊಟ್ಟರೆ ಆಯ್ತಲ್ವಾ ಅಂತ ಕೇಳುತ್ತಾರೆ. ಆಗಲ್ಲ. ನೀವು ಹಾಕಿದ ಪ್ಯಾಚ್ (ಕೋಡಿಗೆ ಮಾಡಿದ ತಿದ್ದುಪಡಿ), ಬಿಲ್ಡ್ ಮಾಡಿದ ಕಾನ್ಫಿಗ್ (ಸೆಟ್ಟಿಂಗ್‌ಗಳ ಫೈಲ್), ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳು, ಎಲ್ಲವೂ ಆ ಡಬ್ಬಿಯಲ್ಲಿರುವ ಬೈನರಿಗೆ, ಅಂದರೆ ಕಂಪೈಲ್ ಆಗಿ ಬಂದ ಪ್ರೋಗ್ರಾಂಗೆ, ಸರಿಯಾಗಿ ಹೊಂದಬೇಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾನು ಹಿಂದೆ ಇದ್ದ ಒಂದು ಸಣ್ಣ ಕಂಪನಿಗೆ, ಮಾಲು ಹೋಗಿ ಎರಡು ವರ್ಷ ಆದ ಮೇಲೆ ಸೋರ್ಸ್ ಕೇಳಿ ಪತ್ರ ಬಂತು. ಕರ್ನಲ್‌ಗೆ ಹಾಕಿದ್ದ ಒಂದು ಪ್ಯಾಚ್ ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪಿನಲ್ಲಿತ್ತು, ಆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿತ್ತು. ಒಂದು ವಾರ ಹುಡುಕಿದೆವು, ಸಿಗಲಿಲ್ಲ. ಅದಕ್ಕೇ ಹೇಳುತ್ತೇನೆ, ಡಬ್ಬಿಗೆ ಹಾಕುವ ಇಮೇಜ್ ಬಿಲ್ಡ್ ಮಾಡಿದ ದಿನವೇ ಸೋರ್ಸ್ ಕಟ್ಟಿಡಿ.

ಇಂಥ ಇಮೇಜ್ ಕಟ್ಟುವ ಟೂಲ್ ಆದ ಬಿಲ್ಡ್‌ರೂಟ್ ಬಳಸುವವರಿಗೆ ಇದಕ್ಕೆ ಒಂದೇ ಕಮಾಂಡ್ ಸಾಕು: ಮೇಕ್ ಲೀಗಲ್-ಇನ್ಫೋ. ಔಟ್‌ಪುಟ್ ಫೋಲ್ಡರಿನಲ್ಲಿ ಪ್ಯಾಕೇಜ್, ಆವೃತ್ತಿ, ಲೈಸೆನ್ಸ್ ಇರುವ ಪಟ್ಟಿ, ಸೋರ್ಸ್‌ಗಳು, ಲೈಸೆನ್ಸ್ ಪಠ್ಯಗಳು ಬಂದು ಕೂರುತ್ತವೆ. ಆದರೆ ಅಲ್ಲಿರುವ ರೀಡ್‌ಮಿ ಫೈಲನ್ನು ದಯವಿಟ್ಟು ಓದಿ. ಬಿಲ್ಡ್‌ರೂಟ್‌ನ ಸೋರ್ಸ್ ಅದರಲ್ಲಿ ಸೇರುವುದಿಲ್ಲ, ಹೊರಗಿನಿಂದ ತಂದ ಟೂಲ್‌ಚೈನ್‌ದೂ (ಕಂಪೈಲರ್ ಮತ್ತು ಅದರ ಜೊತೆಯ ಟೂಲ್‌ಗಳು) ಸೇರದೇ ಇರಬಹುದು, ಅವನ್ನು ನಾವೇ ಎತ್ತಿಡಬೇಕು.

ನಮ್ಮ ಆಪ್ ಗತಿ ಏನು? ಕರ್ನಲ್ ಜೊತೆ ಮಾಮೂಲಿ ಸಿಸ್ಟಮ್ ಕಾಲ್‌ಗಳಲ್ಲಿ (ಕರ್ನಲ್‌ನಿಂದ ಕೆಲಸ ಕೇಳುವ ಕರೆಗಳು) ಮಾತಾಡುವ ಪ್ರೋಗ್ರಾಂಗೆ ಕರ್ನಲ್‌ನ ಜಿಪಿಎಲ್ ತಗಲುವುದಿಲ್ಲ ಎಂದು ಕರ್ನಲ್ ಲೈಸೆನ್ಸಿನ ಟಿಪ್ಪಣಿಯಲ್ಲೇ ಇದೆ. ಆದರೆ ಎಲ್‌ಜಿಪಿಎಲ್ (ಜಿಪಿಎಲ್‌ನ ಸಡಿಲ ರೂಪ) ಇರುವ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ, ಅಂದರೆ ಆಪ್ ಒಳಗೇ ಸೇರಿಸಿ, ಲಿಂಕ್ ಮಾಡಿದರೆ, ಲೈಬ್ರರಿ ಬದಲಿಸಿ ಮತ್ತೆ ಲಿಂಕ್ ಮಾಡಲು ನಮ್ಮ ಆಬ್ಜೆಕ್ಟ್ ಫೈಲ್ (ಕಂಪೈಲ್ ಆಗಿ ಇನ್ನೂ ಲಿಂಕ್ ಆಗದ ಫೈಲ್) ಕೊಡಬೇಕಾಗುತ್ತದೆ. ಆಪ್ ಓಡುವಾಗ ಲೈಬ್ರರಿ ಸೇರುವ ಹಾಗೆ ಡೈನಮಿಕ್ ಲಿಂಕ್ ಮಾಡಿ, ತಲೆನೋವು ಕಡಿಮೆ.

2007ರ ಜಿಪಿಎಲ್ 3 ಇನ್ನೂ ಒಂದು ಹೆಜ್ಜೆ ಮುಂದೆ. ಮನೆಬಳಕೆಯ ಸಾಧನವಾದರೆ, ಬದಲಿಸಿದ ಸಾಫ್ಟ್‌ವೇರನ್ನು ಅದೇ ಸಾಧನದಲ್ಲಿ ಹಾಕಿ ಓಡಿಸುವ ಮಾಹಿತಿಯನ್ನೂ ಕೊಡಬೇಕು, ಬೇಕಾದರೆ ಸಹಿ ಹಾಕುವ ಕೀ ಸಹಿತ. ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಓಡಿಸುವ ವ್ಯವಸ್ಥೆ) ಹಾಕುವವರು ಜಿಪಿಎಲ್ 3ರ ಅಡಿ ಬರುವ ಕಮಾಂಡ್ ಶೆಲ್ ಬ್ಯಾಶ್ ಸೇರಿಸುವ ಮುಂಚೆ ಇದನ್ನು ನೋಡಿಕೊಳ್ಳಿ.

ಇದೆಲ್ಲ ಸುಮ್ನೆ ಕಾಗದದ ಕೆಲಸ ಅನ್ನಿಸಿದರೆ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್ ನೆನಪಿಸಿಕೊಳ್ಳಿ. 2003ರಲ್ಲಿ ಜನ ಪಟ್ಟು ಹಿಡಿದು ಕೇಳಿದ್ದರಿಂದ ಅದರ ಸೋರ್ಸ್ ಹೊರಬಂತು, ಅದರಿಂದಲೇ ರೂಟರ್‌ಗಳಿಗೆಂದಿರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು.

ಕಟ್ಟಿಟ್ಟಿದ್ದು ಪೂರ್ತಿ ಇದೆಯೋ ಇಲ್ಲವೋ ಗೊತ್ತಾಗಲು ನಾವು ಮಾಡುವುದು ಇಷ್ಟೇ: ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮೆಷೀನಿಗೆ ಆ ಫೋಲ್ಡರ್ ಒಂದನ್ನೇ ಹಾಕಿ, ಪ್ರಾಜೆಕ್ಟ್ ಗೊತ್ತಿಲ್ಲದ ಗೆಳೆಯನನ್ನು ಕೂರಿಸಿ ಬಿಲ್ಡ್ ಮಾಡಿಸುತ್ತೇವೆ. ಅವನು ಎದ್ದು ಬಂದು ಏನಾದರೂ ಕೇಳಿದರೆ, ಆ ಉತ್ತರವೂ ಫೋಲ್ಡರಿಗೆ ಸೇರುತ್ತದೆ.