ಕ್ಯಾಂಪಸ್‌ನಲ್ಲಿ ಭೂಕಂಪ: ಮೊದಲು ಮೇಜು, ಆಮೇಲೆ ಬಾಗಿಲು

ಮೊದಲು ಒಂದು ಸಣ್ಣ ಲೆಕ್ಕ. ಭೂಕಂಪದಲ್ಲಿ ನೆಲದೊಳಗಿಂದ ಎರಡು ಬಗೆಯ ಕಂಪನದ ಅಲೆಗಳು ಬರುತ್ತವೆ. ಮೊದಲು ಬರುವುದು ಪಿ ಅಲೆ, ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ. ಭಾರದ ಲಾರಿ ಗೋಡೆ ಪಕ್ಕದಲ್ಲೇ ಹೋದ ಹಾಗೆ ಒಂದು ಗುದ್ದು, ಕಿಟಕಿ ಗಾಜಿನ ಗಲಗಲ ಸದ್ದು. ಅದರ ಹಿಂದೆ ಎಸ್ ಅಲೆ, ಸೆಕೆಂಡಿಗೆ ಸುಮಾರು 3.5 ಕಿ.ಮೀ. ಇದು ನಿಧಾನ, ಆದರೆ ಕಟ್ಟಡವನ್ನು ಜೋರಾಗಿ ಅಲ್ಲಾಡಿಸುವುದು ಇದೇ. ಕಂಪನ ಹುಟ್ಟಿದ ಜಾಗ 40 ಕಿ.ಮೀ. ದೂರವಿದ್ದರೆ ಎರಡರ ನಡುವೆ ನಮಗೆ ಸಿಗುವುದು ಸುಮಾರು 5 ಸೆಕೆಂಡ್. ಮೂರನೇ ಮಹಡಿಯಿಂದ ಮೈದಾನಕ್ಕೆ ಓಡಲು ಅಷ್ಟು ಸಾಲದು. ಮೇಜಿನ ಕೆಳಗೆ ನುಗ್ಗಲು ಸಾಕು. ಈ ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದನ್ನು ಉರು ಹೊಡೆಯುವ ಕೆಲಸವಿಲ್ಲ.

ಮಾಡಬೇಕಾದ್ದು ಮೂರೇ: ಮಂಡಿಯೂರಿ, ಮೇಜಿನ ಕೆಳಗೆ ಸೇರಿ, ಅದರ ಕಾಲು ಹಿಡಿದುಕೊಳ್ಳಿ. ಮಂಡಿಯೂರುವುದು ಏಕೆಂದರೆ, ನಿಂತವರನ್ನು ಅಲುಗಾಟವೇ ಬೀಳಿಸುತ್ತದೆ. ಒಂದು ಕೈ ಕುತ್ತಿಗೆಯ ಹಿಂಭಾಗಕ್ಕೆ ಅಡ್ಡ, ಇನ್ನೊಂದು ಕೈ ಮೇಜಿನ ಕಾಲಿಗೆ. ಈ ಕಾಲು ಹಿಡಿಯುವುದನ್ನೇ ಎಲ್ಲರೂ ಮರೆಯುತ್ತಾರೆ. ನಯವಾದ ನೆಲದ ಮೇಲೆ ಮೇಜು ಜಾರಿ ಹೋಗುತ್ತದೆ. ಅದು ಹೋದ ಕಡೆ ನೀವೂ ಹೋಗಬೇಕು. ಮಾಕ್ ಡ್ರಿಲ್‌ನಲ್ಲಿ ನನ್ನ ತಲೆ ಮೇಜಿನ ಕೆಳಗಿತ್ತು, ಬೆನ್ನು ಪೂರ್ತಿ ಹೊರಗೆ! ಸುಮ್ನೆ ಓದಿದರೆ ಸಾಲದು, ನಿಮ್ಮ ಡೆಸ್ಕಿನ ಕೆಳಗೆ ಒಮ್ಮೆ ತೂರಿ ನೋಡಿ.

ಬಾಗಿಲ ಚೌಕಟ್ಟಿನಡಿ ನಿಲ್ಲಬೇಕು ಅನ್ನುವುದು ಹಳೇ ಮಾತು. ಈಗಿನ ಕಟ್ಟಡಗಳಲ್ಲಿ ಚೌಕಟ್ಟಿಗೆ ಅಂಥ ವಿಶೇಷ ಬಲವಿಲ್ಲ, ಸಾಲದ್ದಕ್ಕೆ ಬಾಗಿಲೇ ಬಡಿದು ಬೆರಳು ಜಜ್ಜಬಹುದು. ಮಣ್ಣಿನ ಗೋಡೆ, ಭಾರದ ಚಾವಣಿಯ ಹಳೇ ಕಟ್ಟಡದ ನೆಲಮಹಡಿಯಲ್ಲಿ, ಹೊರಬಾಗಿಲ ಪಕ್ಕವೇ ಕೂತಿದ್ದರೆ ಮಾತ್ರ ಬಯಲಿಗೆ ಓಡುವುದು ಸರಿ.

ಲೈಬ್ರರಿಯಲ್ಲಿದ್ದರೆ ಪುಸ್ತಕದ ರ‍್ಯಾಕುಗಳಿಂದ ದೂರ ಸರಿಯಿರಿ. ಸಭಾಂಗಣದಲ್ಲಿ ಕೂತ ಸಾಲಿನಲ್ಲೇ ಬಗ್ಗಿ ತಲೆ ಮುಚ್ಚಿಕೊಳ್ಳಿ. ಗಾಲಿಕುರ್ಚಿಯಲ್ಲಿರುವವರು ಚಕ್ರಕ್ಕೆ ಬ್ರೇಕ್ ಹಾಕಿ ಮುಂದಕ್ಕೆ ಬಗ್ಗಬೇಕು. ಲ್ಯಾಬ್‌ನಲ್ಲಿ ಬರ್ನರ್ ಕೈಗೆಟುಕಿದರೆ ಆರಿಸಿ, ಇಲ್ಲದಿದ್ದರೆ ಅದರ ಗೊಡವೆ ಬೇಡ. ಬಾಟಲಿ ಕಪಾಟಿನಿಂದ ದೂರವಾಗುವುದೇ ಮುಖ್ಯ. 1994ರ ಜನವರಿ 17ರ ಬೆಳಗಿನ ಜಾವ 4.31ಕ್ಕೆ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ 6.7 ತೀವ್ರತೆಯ ಭೂಕಂಪವಾಯಿತು. ಅಲ್ಲಿನ ವಿಶ್ವವಿದ್ಯಾಲಯದ ಕಾಂಕ್ರೀಟಿನ ಪಾರ್ಕಿಂಗ್ ಕಟ್ಟಡ ಕುಸಿಯಿತು, ವಿಜ್ಞಾನ ವಿಭಾಗದಲ್ಲಿ ಬೆಂಕಿಯೂ ಹೊತ್ತಿತು. ಅಂದು ರಜೆ ಬೇರೆ. ಅದೇ ಕ್ಲಾಸು ನಡೆಯುವ ಹೊತ್ತಾಗಿದ್ದರೆ?

ಹೊರಗಿದ್ದೇವೆ, ಬಚಾವ್ ಅಂದುಕೊಳ್ಳುವ ಹಾಗೂ ಇಲ್ಲ. 2001ರ ಜನವರಿ 26ರಂದು ಗುಜರಾತಿನ ಅಂಜಾರ್‌ನಲ್ಲಿ ಶಾಲಾ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದರು. ಇಕ್ಕಟ್ಟಿನ ಬೀದಿಯ ಎರಡೂ ಬದಿಯ ಕಟ್ಟಡಗಳು ಅವರ ಮೇಲೇ ಬಿದ್ದವು. ಆದ್ದರಿಂದ ಗೋಡೆ, ಕರೆಂಟ್ ಕಂಬ, ಕಾಂಪೌಂಡ್ ಯಾವುದೂ ಮೈಮೇಲೆ ಬೀಳದಷ್ಟು ದೂರವಿದ್ದರೇ ಅದನ್ನು ಬಯಲು ಅನ್ನಬೇಕು.

ಅಲುಗಾಟ ನಿಂತ ಮೇಲೆ ಮೆಟ್ಟಿಲು ಇಳಿಯಿರಿ, ಲಿಫ್ಟ್ ಬೇಡ. ಚಪ್ಪಲಿ, ಶೂ ಏನಾದರೂ ಕಾಲಿಗಿರಲಿ, ದಾರಿ ತುಂಬ ಗಾಜಿನ ಚೂರಿರುತ್ತದೆ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರಬಹುದು. ಬಿಟ್ಟುಬಂದ ಲ್ಯಾಪ್‌ಟಾಪ್‌ಗಾಗಿ ವಾಪಸ್ ಹೋಗುವವರು ಯಾವಾಗಲೂ ಒಬ್ಬರಿರುತ್ತಾರೆ, ಅಲ್ವಾ? ಮರುಕಂಪನಗಳು ಬರುತ್ತಲೇ ಇರುತ್ತವೆ. ಮೊದಲ ಏಟಿಗೆ ಬಿರುಕು ಬಿಟ್ಟ ಗೋಡೆ ಬೀಳಲು ಸಣ್ಣದೊಂದು ಸಾಕು.

ಸೇರಬೇಕಾದ ಜಾಗಕ್ಕೆ ಹೋಗಿ ಹೆಸರು ಹೇಳಿ. ಹೇಳದೆ ಮನೆಗೆ ಹೋದರೆ ನಿಮ್ಮನ್ನು ಹುಡುಕಲು ಯಾರೋ ಅದೇ ಕಟ್ಟಡದೊಳಗೆ ನುಗ್ಗಬೇಕಾಗುತ್ತದೆ. ಮನೆಯವರಿಗೆ ಕರೆಗಿಂತ ಮೆಸೇಜ್ ಬೇಗ ತಲುಪಬಹುದು, ಆಗ ಲೈನ್‌ಗಳು ತುಂಬಿರುತ್ತವೆ.

ಅವಶೇಷದಡಿ ಸಿಕ್ಕಿಕೊಂಡರೆ ಬೆಂಕಿಕಡ್ಡಿ ಗೀರಬೇಡಿ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕೂಗುತ್ತಾ ಹೋದರೆ ದೂಳು ಒಳಗೆ ಹೋಗುತ್ತದೆ, ಶಕ್ತಿಯೂ ಸೋರುತ್ತದೆ. ಕೈಗೆ ಸಿಕ್ಕ ಪೈಪನ್ನೋ ಗೋಡೆಯನ್ನೋ ಮೂರು ಸಲ ತಟ್ಟಿ. ನಿಲ್ಲಿಸಿ, ಕಿವಿಗೊಡಿ. ಮತ್ತೆ ತಟ್ಟಿ.