ಬಿಸಾಡುವ ಸ್ಕೋಪಾ, ತೊಳೆದು ಬಳಸುವ ಸ್ಕೋಪಾ: ಲೆಕ್ಕದ ಜೊತೆಗೆ ಒಂದು ಟಿಪ್ಪಣಿ

ಎಂಡೋಸ್ಕೋಪ್ ಅಂದರೆ ದೇಹದೊಳಗೆ ಇಳಿಸಿ ನೋಡುವ ಕ್ಯಾಮೆರಾ ಕೊಳವೆ. ಅದು ಎಷ್ಟು ಬಗೆ ಅನ್ನೋದನ್ನು ಬಿಡುತ್ತೇನೆ. ಸಿಂಗಲ್ ಯೂಸ್ (ಒಂದು ಸಲ ಬಳಸಿ ಬಿಸಾಡುವ) ಮತ್ತು ಮರುಬಳಕೆ (ತೊಳೆದು ಮತ್ತೆ ಬಳಸುವ) ಸ್ಕೋಪ್ ಹೋಲಿಸಿ ಎಂದರೆ ಸಾಮಾನ್ಯವಾಗಿ ಎರಡು ಕಾಲಂ ಎಳೆದು, ಒಂದು ಕಡೆ ‘ಸೋಂಕು ಕಡಿಮೆ’, ಇನ್ನೊಂದು ಕಡೆ ‘ಖರ್ಚು ಕಡಿಮೆ’ ಎಂದು ಬರೆದು ಮುಗಿಸುತ್ತೇವೆ. ಯಾವ ಸ್ಕೋಪ್, ವರ್ಷಕ್ಕೆ ಎಷ್ಟು ಕೇಸ್ ಎಂದು ಹೇಳದಿದ್ದರೆ ಆ ಉತ್ತರಕ್ಕೆ ಅರ್ಥವೇ ಇಲ್ಲ.

ಮೊದಲು ಸೋಂಕು. ಉಪಕರಣಗಳನ್ನು ಸೋಂಕಿನ ಅಪಾಯಕ್ಕೆ ತಕ್ಕಂತೆ ವಿಂಗಡಿಸುವ ಸ್ಪಾಲ್ಡಿಂಗ್ ವರ್ಗೀಕರಣದ ಪ್ರಕಾರ ಲೋಳೆಪೊರೆಗೆ ತಾಗುವ ಸ್ಕೋಪ್ ‘ಸೆಮಿ ಕ್ರಿಟಿಕಲ್’. ಅದಕ್ಕೆ ಹೈ ಲೆವೆಲ್ ಡಿಸ್‌ಇನ್ಫೆಕ್ಷನ್ (ಹೆಚ್ಚುಕಡಿಮೆ ಎಲ್ಲ ಜೀವಾಣು ಕೊಲ್ಲುವುದು) ಸಾಕು. ಆದರೆ ಅದರೊಳಗಿಂದ ಹೋಗುವ ಬಯಾಪ್ಸಿ ಫೋರ್ಸೆಪ್ಸ್ (ಪರೀಕ್ಷೆಗೆ ಚೂರು ತೆಗೆಯುವ ಇಕ್ಕಳ) ಅಂಗಾಂಶವನ್ನು ಕೀಳುತ್ತದೆ, ಅದು ‘ಕ್ರಿಟಿಕಲ್’, ಸ್ಟೆರೈಲ್ (ಪೂರ್ತಿ ಜೀವಾಣುರಹಿತ) ಆಗಿರಲೇಬೇಕು. ತೊಳೆಯುವ ಕ್ರಮ ಹೀಗೆ: ಹಾಸಿಗೆ ಪಕ್ಕದಲ್ಲೇ ಒರೆಸಿ ನೀರು ಎಳೆಯುವುದು, ಲೀಕ್ ಟೆಸ್ಟ್, ಎನ್‌ಜೈಮ್ ದ್ರಾವಣದಲ್ಲಿ ಒಳಗಿನ ಕೊಳವೆ ದಾರಿಗೆ, ಅಂದರೆ ಚಾನೆಲ್‌ಗೆ ಬ್ರಷ್, ತೊಳೆತ, ಆಮೇಲೆ ಜೀವಾಣು ಕೊಲ್ಲುವ ದ್ರಾವಣ (ಗ್ಲುಟರಾಲ್ಡಿಹೈಡ್ ಅಥವಾ ಓಪಿಎ), ಮತ್ತೆ ತೊಳೆತ, ಆಲ್ಕೋಹಾಲ್, ಗಾಳಿ. ಬ್ರಷ್ ಸರಿಯಾಗಿ ಹಾಕದೆ ಗ್ಲುಟರಾಲ್ಡಿಹೈಡ್‌ನಲ್ಲಿ ಮುಳುಗಿಸಿದರೆ ಪ್ರೋಟೀನ್ ಗಟ್ಟಿಯಾಗಿ ಚಾನೆಲ್‌ಗೆ ಅಂಟಿಕೊಳ್ಳುತ್ತದೆ. ಅಂದರೆ ಕೊಳೆಯನ್ನು ನಾವೇ ಒಳಗೆ ಭದ್ರ ಮಾಡಿದ ಹಾಗೆ.

ಎಲ್ಲ ಸ್ಕೋಪೂ ಒಂದೇ ಅಲ್ಲ. ಇಆರ್‌ಸಿಪಿಗೆ (ಪಿತ್ತನಾಳ, ಮೇದೋಜೀರಕ ನಾಳದ ತಪಾಸಣೆ, ಚಿಕಿತ್ಸೆ) ಬಳಸುವ ಡ್ಯುವೋಡಿನೋಸ್ಕೋಪ್‌ನ ತುದಿಯಲ್ಲಿ ಎಲಿವೇಟರ್ ಎಂಬ ಪುಟ್ಟ ಸನ್ನೆಕೋಲು ಇರುತ್ತದೆ. ಅದರ ಸಂದಿಗೆ ಬ್ರಷ್ ಹೋಗೋದು ಕಷ್ಟ. 2015ರಲ್ಲಿ ಅಮೆರಿಕದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದೇ ಸ್ಕೋಪ್‌ನಿಂದ ಹರಡಿದ ಪ್ರಕರಣಗಳು ದೊಡ್ಡ ಸುದ್ದಿಯಾದವು. ಆಮೇಲೆ ಅಲ್ಲಿ ನಡೆದ ತಪಾಸಣೆಯಲ್ಲಿ, ತೊಳೆದಿಟ್ಟ ಸ್ಕೋಪ್‌ಗಳಿಂದ ಸರಿಯಾಗಿ ತೆಗೆದ ಸ್ಯಾಂಪಲ್‌ಗಳಲ್ಲೂ ಶೇ 5.4ರವರೆಗೆ ಅಪಾಯದ ಜೀವಾಣು ಸಿಕ್ಕವು. 2019ರಲ್ಲಿ ಅಲ್ಲಿನ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಿಸಾಡುವ ತುದಿ ಇರುವ ಅಥವಾ ಪೂರ್ತಿ ಬಿಸಾಡುವ ವಿನ್ಯಾಸಗಳ ಕಡೆಗೆ ಹೋಗಿ ಎಂದು ಆಸ್ಪತ್ರೆಗಳಿಗೆ ಸಲಹೆ ಕೊಟ್ಟಿತು. ಮಾಮೂಲಿ ಹೊಟ್ಟೆ ಸ್ಕೋಪ್‌ನಲ್ಲಿ ಈ ಎಲಿವೇಟರ್ ಇಲ್ಲ. ಹಾಗಾಗಿ ಡ್ಯುವೋಡಿನೋಸ್ಕೋಪ್‌ನ ಅಂಕಿ ತಂದು ಗ್ಯಾಸ್ಟ್ರೋಸ್ಕೋಪ್‌ಗೆ ಅಂಟಿಸಬೇಡಿ.

ಈಗ ಖರ್ಚು. ನನಗೆ ಜಾಸ್ತಿ ಹೊತ್ತು ಹಿಡಿದಿದ್ದು ಇದೇ, ಹಾಗಾಗಿ ಉದ್ದ ಬರೆಯುತ್ತೇನೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಸ್ವಂತ ಪಂಪ್ ಕೊಳ್ಳೋದಾ, ಬಾಡಿಗೆಗೆ ತರೋದಾ ಎಂದು ಮನೆಯಲ್ಲಿ ಹಾಕುವ ಲೆಕ್ಕವೇ ಇಲ್ಲಿಯೂ. ಸೂತ್ರ ಇಷ್ಟೇ: ಕೇಸ್ ಆಗಲಿ ಬಿಡಲಿ ವರ್ಷಕ್ಕೆ ತಗಲುವ ಖರ್ಚನ್ನು, ಸಿಂಗಲ್ ಯೂಸ್ ಬೆಲೆಯಲ್ಲಿ ಒಂದು ಸಲ ತೊಳೆಯುವ ಖರ್ಚು ಕಳೆದು ಉಳಿದ ಮೊತ್ತದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಕೇಸ್ ಜಾಸ್ತಿ ಇದ್ದರೆ ಮರುಬಳಕೆ ಅಗ್ಗ, ಕಡಿಮೆ ಇದ್ದರೆ ಬಿಸಾಡೋದು ಅಗ್ಗ.

ಸುಮ್ನೆ ಲೆಕ್ಕಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ, ಇದು ಮಾರುಕಟ್ಟೆ ಬೆಲೆ ಅಲ್ಲ. ಬ್ರಾಂಕೋಸ್ಕೋಪ್ (ಶ್ವಾಸಕೋಶ ನೋಡುವ ಸ್ಕೋಪ್) 12 ಲಕ್ಷ ರೂಪಾಯಿ, 5 ವರ್ಷ ಬಾಳುತ್ತದೆ, ಅಂದರೆ ವರ್ಷಕ್ಕೆ 2.4 ಲಕ್ಷ. ರಿಪೇರಿ ಒಪ್ಪಂದ ವರ್ಷಕ್ಕೆ 1.6 ಲಕ್ಷ. ಒಟ್ಟು 4 ಲಕ್ಷ. ಸಿಂಗಲ್ ಯೂಸ್ ಒಂದಕ್ಕೆ 17,000. ಒಂದು ತೊಳೆತಕ್ಕೆ ಕೆಮಿಕಲ್, ಬ್ರಷ್, ಗ್ಲೌಸ್ ಸೇರಿ 1,000. ವ್ಯತ್ಯಾಸ 16,000. 4 ಲಕ್ಷ ಭಾಗಿಸು 16,000 ಅಂದರೆ 25 ಕೇಸ್.

ಸರಿ, ತೊಳೆಯುವವರ ಸಂಬಳ ಎಲ್ಲಿಗೆ ಹೋಯಿತು? ಸಿಕ್ಕಿಹಾಕಿಕೊಳ್ಳುವ ಜಾಗ ಇದೇ. ತಿಂಗಳಿಗೆ 20,000 ಎಂದರೆ ವರ್ಷಕ್ಕೆ 2.4 ಲಕ್ಷ. ಹೊಸದಾಗಿ ಘಟಕ ಶುರು ಮಾಡುವ ಆಸ್ಪತ್ರೆ ಇದಕ್ಕೆಂದೇ ಒಬ್ಬರನ್ನು ನೇಮಿಸಬೇಕಾದರೆ ಆ ಮೊತ್ತ ಮೇಲೆ ಸೇರುತ್ತದೆ: 6.4 ಲಕ್ಷ, ಅಂದರೆ 40 ಕೇಸ್. ಆದರೆ ದಿನಾ ಗ್ಯಾಸ್ಟ್ರೋಸ್ಕೋಪಿ ನಡೆಯುವ ಕಡೆ ತೊಳೆಯುವವರು ಈಗಾಗಲೇ ಇದ್ದಾರೆ. ನಾಲ್ಕು ಬ್ರಾಂಕೋಸ್ಕೋಪಿಯನ್ನು ಸಿಂಗಲ್ ಯೂಸ್‌ಗೆ ಬದಲಿಸಿದ ಮಾತ್ರಕ್ಕೆ ಅವರ ಸಂಬಳ ಉಳಿಯುತ್ತಾ? ಇಲ್ಲ. ಅಲ್ಲಿ 25 ಕೇಸೇ ಸರಿ. ಇನ್ನು, ಸ್ಕೋಪ್ ಕೊಂಡು ಆಗಿದೆ, ಕಪಾಟಿನಲ್ಲಿ ನೇತಾಡುತ್ತಿದೆ ಎಂದಿಟ್ಟುಕೊಳ್ಳಿ. ಆ 12 ಲಕ್ಷ ಹೋದ ದುಡ್ಡು. ಅದನ್ನು ಬಿಟ್ಟರೆ ಉಳಿಯುವುದು ರಿಪೇರಿ ಒಪ್ಪಂದದ 1.6 ಲಕ್ಷ, ಅಂದರೆ ಬರೀ 10 ಕೇಸ್. ಒಂದೇ ಸ್ಕೋಪ್‌ಗೆ 10, 25, 40 ಮೂರೂ ಸರಿ. ಪ್ರತಿ ಸಾಲಿಗೂ ‘ಬದಲಿಸಿದರೆ ಈ ದುಡ್ಡು ನಿಜವಾಗಿ ಕೈಯಲ್ಲಿ ಉಳಿಯುತ್ತಾ?’ ಎಂದು ಕೇಳಿಕೊಂಡರೆ ಯಾವುದನ್ನು ಸೇರಿಸಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಮಾರಾಟದವರ ಹಾಳೆಯಲ್ಲಿ ಸಂಬಳ ಸೇರಿಸಿ 40 ಎಂದಿರುತ್ತದೆ, ಅದನ್ನು ನೋಡಿ ಮರುಳಾಗಬೇಡಿ.

ಅದೇ ರೀತಿ ಬಿಟ್ಟುಹೋಗುವ ಖರ್ಚೂ ಇದೆ. ಕಿಡ್ನಿ ಕಲ್ಲಿಗೆ ಬಳಸುವ ಫ್ಲೆಕ್ಸಿಬಲ್ ಯುರೆಟೆರೋಸ್ಕೋಪ್ ತುಂಬ ತೆಳು. ಲೇಸರ್ ಫೈಬರ್ ಚುಚ್ಚಿ ಚಾನೆಲ್ ತೂತಾಗೋದು ಹೊಸದಲ್ಲ. ಇದಕ್ಕೆ ರಿಪೇರಿ ಸಾಲು ದೊಡ್ಡದಾಗಿರುತ್ತದೆ, ಸಿಂಗಲ್ ಯೂಸ್ ಬೇಗ ಗೆಲ್ಲುತ್ತದೆ. ಐಸಿಯುನಲ್ಲಿ ರಾತ್ರಿ ಎರಡು ಗಂಟೆಗೆ ಉಸಿರಾಟದ ಟ್ಯೂಬ್ ಹಾಕಲು ಬ್ರಾಂಕೋಸ್ಕೋಪ್ ಬೇಕಾದಾಗಲೂ ಅಷ್ಟೇ, ಪ್ಯಾಕೆಟ್ ಹರಿದರೆ ಕೆಲಸ ಶುರು. ದಿನವಿಡೀ ಸಾಲು ನಿಲ್ಲುವ ಗ್ಯಾಸ್ಟ್ರೋಸ್ಕೋಪಿಗೆ ಮಾತ್ರ ಮರುಬಳಕೆಯೇ ನನಗೆ ಸರಿ ಅನ್ನಿಸುತ್ತದೆ.

ಪುಸ್ತಕ ಹೇಳದ ನಮ್ಮೂರಿನ ಮಾತೊಂದಿದೆ. ತೊಳೆದ ಮೇಲೆ ಚಾನೆಲ್‌ಗೆ ಕನಿಷ್ಠ 10 ನಿಮಿಷ ಒತ್ತಡದ ಗಾಳಿ ಬಿಡಬೇಕು, ಒಳಗೆ ತೇವ ಉಳಿದರೆ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆದು ಬಯೋಫಿಲ್ಮ್ (ಅಂಟು ಪದರ) ಕಟ್ಟುತ್ತವೆ. ಆಷಾಢದಲ್ಲಿ ಬಟ್ಟೆಯೇ ಒಣಗದ ತೀರ್ಥಹಳ್ಳಿ, ಹೊಸನಗರದ ಕಡೆ ‘ನೇತುಹಾಕಿದರೆ ತಾನಾಗಿ ಒಣಗುತ್ತೆ’ ಅನ್ನೋ ಮಾತು ನಡೆಯೋದಿಲ್ಲ. ಜೊತೆಗೆ ಕರೆಂಟ್ ಹೋದರೆ ಗಾಳಿ ಯಂತ್ರವೂ ನಿಲ್ಲುತ್ತದೆ. ಒಣಗಿಸುವ ಕಪಾಟು, ಯುಪಿಎಸ್ ಎರಡನ್ನೂ ವರ್ಷದ ಖರ್ಚಿಗೆ ಸೇರಿಸಿ.

ಕಸದ ವಿಷಯ ಚಿಕ್ಕದಾಗಿ. ಸಿಂಗಲ್ ಯೂಸ್‌ನಲ್ಲಿ ಪರದೆ ಉಳಿಯುತ್ತದೆ, ಪೈಪು, ಹಿಡಿ, ತುದಿಯ ಕ್ಯಾಮೆರಾ ಎಲ್ಲ ಕಸ. ಪ್ಲಾಸ್ಟಿಕ್ ಜೊತೆ ತಂತಿ, ಎಲೆಕ್ಟ್ರಾನಿಕ್ಸ್ ಬೆರೆತಿರುವುದರಿಂದ ಆಸ್ಪತ್ರೆ ಪ್ಲಾಸ್ಟಿಕ್ ಕಸದ ಕೆಂಪು ಚೀಲಕ್ಕೆ ಹಾಕುವ ಬರೀ ಟ್ಯೂಬಿನಷ್ಟು ಸಲೀಸಲ್ಲ. ಇದನ್ನು ನೋಡಿ ‘ತೊಳೆದು ಇನ್ನೊಂದು ಸಲ ಬಳಸೋಣ, 17,000 ಅರ್ಧ ಆಯ್ತಲ್ವಾ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಪ್ಯಾಕೆಟ್ ಮೇಲೆ ವೃತ್ತದೊಳಗೆ 2 ಬರೆದು ಅಡ್ಡಗೆರೆ ಎಳೆದಿರುತ್ತಾರೆ, ಮತ್ತೆ ಬಳಸಬೇಡಿ ಎಂದು ಅದರ ಅರ್ಥ. ಆ ಚಾನೆಲನ್ನು ತೊಳೆದು ಬಳಸುವುದಕ್ಕೆಂದು ಮಾಡಿಯೂ ಇಲ್ಲ, ಪರೀಕ್ಷಿಸಿಯೂ ಇಲ್ಲ. ಆದ್ದರಿಂದ ಸೂತ್ರದಲ್ಲಿ 17,000ವನ್ನು ಎರಡರಿಂದ ಭಾಗಿಸುವ ಹಾಗಿಲ್ಲ.